ಮಗುವಿನ ಅಳತೆಗೆ ಒಂದು ವ್ಯವಸ್ಥೆ



ನಮ್ಮ ಮಾತುಕತೆ ಕಾರ್ಯಕ್ರಮದ ಚಿತ್ರೀಕರಣಕ್ಕೆ ಬಂದಿದ್ದ ಮಕ್ಕಳ ವೈದ್ಯೆಯೊಬ್ಬರು ತಮ್ಮ ಕೈಚೀಲದಿಂದ ಸುರುಳಿ ಸುತ್ತಿದ ಒಂದು ಪಟ್ಟಿಯನ್ನು ತೆಗೆದು ಸ್ಟುಡಿಯೋದ ಮೇಜಿನ ಮೇಲೆ ಹಾಸಿದರು. ಬೂದು, ಗುಲಾಬಿ, ಕೆಂಪು, ನೇರಳೆ, ಹಳದಿ, ಬಿಳಿ, ನೀಲಿ, ಕಿತ್ತಳೆ, ಹಸಿರು ಹೀಗೆ ಒಂದರ ಪಕ್ಕ ಒಂದು ಬಣ್ಣದ ಮನೆಗಳು. ಪ್ರತಿ ಮನೆಯಲ್ಲೂ ಸಣ್ಣ ಅಕ್ಷರದಲ್ಲಿ ಅಂಕಿಗಳು. ನಮ್ಮ ಕ್ಯಾಮೆರಾಮನ್ ಕುತೂಹಲದಿಂದ ಬಗ್ಗಿ ನೋಡಿ, "ಇದೇನು ಮೇಡಂ, ಟೈಲರ್ ಟೇಪಾ?" ಎಂದರು. "ಹೌದು, ಹಾಗೇ ಅಂದ್ಕೊಳ್ಳಿ. ಆದರೆ ಬಟ್ಟೆಗಲ್ಲ, ಔಷಧಿಗೆ" ಎಂದು ವೈದ್ಯೆ ನಕ್ಕರು.

ಪರದೆಯ ಮೇಲೆ ಆ ಪಟ್ಟಿ ಕಾಣಿಸಿಕೊಂಡದ್ದು ಎರಡು ನಿಮಿಷ ಮಾತ್ರ. ಅದರ ಹಿಂದಿನ ಕತೆಗೆ ಎರಡು ನಿಮಿಷ ಸಾಲದು. ಒಂದು ದೊಡ್ಡ ದೇಶ ತನ್ನ ತುರ್ತು ಚಿಕಿತ್ಸೆಯ ವ್ಯವಸ್ಥೆಯನ್ನು ಶ್ರಮಪಟ್ಟು ಕಟ್ಟಿತು. ಕಟ್ಟಿ ಮುಗಿಸಿದ ಮೇಲೆ ತಿರುಗಿ ನೋಡಿದರೆ, ಅದರಲ್ಲಿ ಮಕ್ಕಳನ್ನು ಮರೆತೇ ಬಿಟ್ಟಿತ್ತು! ಆ ಮರೆವನ್ನು ಸರಿಪಡಿಸಲು ಅಮೆರಿಕದ ರಾಜ್ಯಗಳು ನಲವತ್ತು ವರ್ಷಗಳಿಂದ ನಡೆಸಿರುವ ಪ್ರಯತ್ನವೇ ಈ ಲೇಖನದ ವಸ್ತು. ಇತಿಹಾಸವೆಂದರೆ ಯುದ್ಧ, ರಾಜರು, ಒಪ್ಪಂದಗಳು ಮಾತ್ರವಲ್ಲ. ಆಸ್ಪತ್ರೆಯ ಕಪಾಟಿನಲ್ಲಿ ಸರಿಯಾದ ಅಳತೆಯ ಆಮ್ಲಜನಕದ ಮುಖವಾಡ ಇದೆಯೇ ಇಲ್ಲವೇ ಎಂಬುದಕ್ಕೂ ಒಂದು ಇತಿಹಾಸವಿದೆ.

ಮಗು ಎಂದರೆ ಗಾತ್ರ ಕುಗ್ಗಿಸಿದ ದೊಡ್ಡವರಲ್ಲ

ಮೊದಲು ಸ್ವಲ್ಪ ವಿಜ್ಞಾನ. ನೀವು ಕಾಲೇಜಿನ ಭೌತಶಾಸ್ತ್ರದಲ್ಲಿ ಪ್ವಾಸಾಯ್ ಎಂಬ ವಿಜ್ಞಾನಿಯ ನಿಯಮವನ್ನು ಓದಿರಬಹುದು. ಕೊಳವೆಯೊಳಗೆ ದ್ರವವೋ ಅನಿಲವೋ ಹರಿಯುವಾಗ ಅದಕ್ಕೆ ಎದುರಾಗುವ ತಡೆ, ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ಸೂತ್ರವನ್ನು ಒಂದು ಹಸುಗೂಸಿನ ಗಂಟಲಿಗೆ ಅನ್ವಯಿಸಿ ನೋಡಿ. ಕೂಸಿನ ಶ್ವಾಸನಾಳದ ತ್ರಿಜ್ಯ 2 ಮಿಲಿಮೀಟರ್ ಎಂದುಕೊಳ್ಳೋಣ. ನೆಗಡಿ, ಸೋಂಕಿನಿಂದ ಒಳಗೋಡೆ 1 ಮಿಲಿಮೀಟರ್ ಊದಿಕೊಂಡಿತು. ತ್ರಿಜ್ಯ ಅರ್ಧವಾಯಿತು, ತಡೆ 16 ಪಟ್ಟಾಯಿತು. 4 ಮಿಲಿಮೀಟರ್ ತ್ರಿಜ್ಯದ ದೊಡ್ಡವರ ಶ್ವಾಸನಾಳ ಅಷ್ಟೇ ಊದಿಕೊಂಡರೆ ತಡೆ ಹೆಚ್ಚುವುದು ಸುಮಾರು 3 ಪಟ್ಟು ಮಾತ್ರ. ನಮಗೆ ಗಂಟಲು ಕಟ್ಟಿದಂತಾಗುವ ಅದೇ ಊತ ಕೂಸಿನ ಪ್ರಾಣಕ್ಕೆ ಕುತ್ತಾಗುತ್ತದೆ.

ರಕ್ತದ ಲೆಕ್ಕವೂ ಹೀಗೆಯೇ. 5 ಕಿಲೋ ತೂಕದ ಕೂಸಿನ ಮೈಯಲ್ಲಿ ಇರುವ ರಕ್ತ ಸುಮಾರು 400 ಮಿಲಿಲೀಟರ್. ಅರ್ಧ ಲೋಟದಷ್ಟು, ಅಂದರೆ 100 ಮಿಲಿಲೀಟರ್ ಹೋದರೆ ಕಾಲು ಭಾಗವೇ ಹೋದಂತೆ. 60 ಕಿಲೋ ತೂಕದ ದೊಡ್ಡವರಿಗೆ ಅದು ಗಮನಕ್ಕೂ ಬಾರದ ನಷ್ಟ. ಇನ್ನೊಂದು ಮೋಸವೂ ಇದೆ. ರಕ್ತ ಅಥವಾ ನೀರು ಕಳೆದುಕೊಂಡ ಮಗುವಿನ ದೇಹ ರಕ್ತದ ಒತ್ತಡವನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಮೇಲ್ನೋಟಕ್ಕೆ ಎಲ್ಲ ಸರಿಯಿದೆ ಎನಿಸುತ್ತಿರುವಾಗಲೇ ಒತ್ತಡ ದಿಢೀರನೆ ಕುಸಿಯುತ್ತದೆ. ಆಗ ತಡವಾಗಿರುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಹೃದಯ ಮೊದಲು ಕೈಕೊಟ್ಟು ಉಸಿರು ನಿಂತರೆ, ಮಕ್ಕಳಲ್ಲಿ ಬಹುಪಾಲು ಉಸಿರು ಮೊದಲು ಸೋತು ಆಮೇಲೆ ಹೃದಯ ನಿಲ್ಲುತ್ತದೆ.

ಔಷಧಿಯ ವಿಷಯಕ್ಕೆ ಬನ್ನಿ. ಹೃದಯ ನಿಂತಾಗ ಕೊಡುವ ಎಪಿನೆಫ್ರಿನ್ ಚುಚ್ಚುಮದ್ದು ದೊಡ್ಡವರಿಗೆ 1 ಮಿಲಿಗ್ರಾಂ. ಇಪ್ಪತ್ತರ ಯುವಕನಾಗಲಿ ಅರವತ್ತರ ಅಜ್ಜನಾಗಲಿ, ಅದೇ ಪ್ರಮಾಣ. ಮಕ್ಕಳಿಗಾದರೆ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. ನಡುರಾತ್ರಿ, ತಾಯಿ ಅಳುತ್ತಿರುವಾಗ, ಮಗುವಿನ ತೂಕ ಗೊತ್ತಿಲ್ಲದೆ, ದಶಮಾಂಶದ ಬಿಂದುವನ್ನು ಸರಿಯಾದ ಜಾಗದಲ್ಲಿ ಇಡಬೇಕು. ಬಿಂದು ಒಂದು ಮನೆ ಆಚೀಚೆ ಆದರೆ ಔಷಧಿ ಹತ್ತು ಪಟ್ಟು ಹೆಚ್ಚೋ ಕಡಿಮೆಯೋ ಆಗುತ್ತದೆ. ಎರಡು ತಿಂಗಳ ಕೂಸು, ಎರಡು ವರ್ಷದ ಮಗು, ಹತ್ತು ವರ್ಷದ ಹುಡುಗಿ ಮೂವರಿಗೂ ಬೇರೆ ಬೇರೆ ಅಳತೆಯ ನಳಿಗೆ, ಬೇರೆ ಮುಖವಾಡ, ರಕ್ತದೊತ್ತಡ ನೋಡಲು ಬೇರೆ ಪಟ್ಟಿ ಬೇಕು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಇತಿಹಾಸಕ್ಕೆ ಹೋಗೋಣ.

ಶವವಾಹನವೇ ಆಂಬುಲೆನ್ಸ್ ಆಗಿದ್ದ ಕಾಲ

1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅಪಘಾತಗಳ ಬಗ್ಗೆ ಒಂದು ವರದಿಯನ್ನು ಹೊರತಂದಿತು. ಹಿಂದಿನ ವರ್ಷ, ಅಂದರೆ 1965ರಲ್ಲಿ, ಆ ದೇಶದಲ್ಲಿ ಅಪಘಾತಗಳಿಂದ ಸತ್ತವರು 1,07,000 ಮಂದಿ. ಶಾಶ್ವತವಾಗಿ ಅಂಗವಿಕಲರಾದವರು 4 ಲಕ್ಷ. ಅಪಘಾತವನ್ನು ಆಧುನಿಕ ಸಮಾಜ ಕಡೆಗಣಿಸಿರುವ ರೋಗವೆಂದು ವರದಿ ಕರೆಯಿತು. ಅದರಲ್ಲಿದ್ದ ಇನ್ನೊಂದು ಸಂಗತಿ ಓದುಗರನ್ನು ಬೆಚ್ಚಿಬೀಳಿಸಿತು. ದೇಶದ ಆಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧದಷ್ಟನ್ನು ನಡೆಸುತ್ತಿದ್ದವರು ಶವಸಂಸ್ಕಾರದ ವ್ಯಾಪಾರದವರು! ಕಾರಣ ಸರಳ: ಮನುಷ್ಯನನ್ನು ಮಲಗಿಸಿ ಒಯ್ಯುವಷ್ಟು ಉದ್ದದ ವಾಹನ ಅವರ ಬಳಿಯೇ ಇತ್ತು.

ಬದಲಾವಣೆ ಹಲವು ಕಡೆಯಿಂದ ಬಂತು. 1966ರಲ್ಲೇ ಐರ್ಲೆಂಡ್ ದ್ವೀಪದ ಬೆಲ್‌ಫಾಸ್ಟ್ ನಗರದಲ್ಲಿ ಫ್ರ್ಯಾಂಕ್ ಪ್ಯಾಂಟ್ರಿಜ್ ಎಂಬ ವೈದ್ಯರು ಹೃದಯಾಘಾತವಾದವರ ಮನೆಬಾಗಿಲಿಗೇ ಚಿಕಿತ್ಸೆಯನ್ನು ಒಯ್ಯುವ ವಾಹನವನ್ನು ಓಡಿಸಿ ತೋರಿಸಿದ್ದರು. ಅದರ ಸುದ್ದಿ ಅಮೆರಿಕದಲ್ಲೂ ಹರಡಿತು. ಕೊರಿಯಾ, ವಿಯೆಟ್ನಾಂ ಯುದ್ಧಭೂಮಿಗಳಲ್ಲಿ ಗಾಯಾಳು ಸೈನಿಕರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿದ ಅನುಭವವೂ ಜೊತೆಗಿತ್ತು. 1968ರ ಫೆಬ್ರವರಿ 16ರಂದು ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಪುಟ್ಟ ಊರಿನಿಂದ 911 ಎಂಬ ತುರ್ತು ಸಂಖ್ಯೆಗೆ ಮೊದಲ ಕರೆ ಹೋಯಿತು.

ಪಿಟ್ಸ್‌ಬರ್ಗ್ ನಗರದ ಕತೆಯನ್ನು ಇಲ್ಲಿ ಹೇಳಲೇಬೇಕು. ಬಾಯಿಗೆ ಬಾಯಿಟ್ಟು ಉಸಿರು ತುಂಬುವ ವಿಧಾನವನ್ನು 1950ರ ದಶಕದಲ್ಲಿ ಪ್ರಯೋಗಗಳಿಂದ ಸಾಧಿಸಿ ತೋರಿಸಿದ ಅರಿವಳಿಕೆ ತಜ್ಞ ಪೀಟರ್ ಸಫರ್ ಅಲ್ಲಿದ್ದರು. 1966ರಲ್ಲಿ ಅವರ ಮಗಳು ಎಲಿಜಬೆತ್ ಆಸ್ತಮಾ ಉಲ್ಬಣಿಸಿ ತೀರಿಕೊಂಡಳು. ಲೋಕಕ್ಕೆ ಉಸಿರು ಕೊಡುವುದನ್ನು ಕಲಿಸಿದ ತಂದೆಗೆ ಸ್ವಂತ ಮಗಳ ಉಸಿರನ್ನು ಉಳಿಸಿಕೊಳ್ಳಲಾಗಲಿಲ್ಲ. ಮರುವರ್ಷ, 1967ರಲ್ಲಿ, ಅದೇ ನಗರದ ಬಡ ಬಡಾವಣೆಯ ನಿರುದ್ಯೋಗಿ ಕಪ್ಪು ಜನರಿಗೆ ತರಬೇತಿ ಕೊಟ್ಟು ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆ ಆರಂಭವಾಯಿತು. ಅದರ ತರಬೇತಿಯನ್ನು ರೂಪಿಸಿದವರು ಸಫರ್. ರಸ್ತೆಯಲ್ಲೇ ಚಿಕಿತ್ಸೆ ಕೊಡಬಲ್ಲ ಸಿಬ್ಬಂದಿಗೆ ಆ ದೇಶದಲ್ಲಿ ಅದು ಮಾದರಿಯಾಯಿತು.

ಪಟ್ಟಿಯಲ್ಲಿ ಇಲ್ಲದವರು

1973ರಲ್ಲಿ ಅಮೆರಿಕದ ಸಂಸತ್ತು ತುರ್ತು ವೈದ್ಯಕೀಯ ಸೇವೆಗಳ ಕಾಯಿದೆಯನ್ನು ಮಾಡಿತು. ಒಂದು ಒಳ್ಳೆಯ ತುರ್ತು ವ್ಯವಸ್ಥೆಗೆ 15 ಅಂಗಗಳಿರಬೇಕೆಂದು ಕಾಯಿದೆ ಹೇಳಿತು. ಸಿಬ್ಬಂದಿ, ತರಬೇತಿ, ಸಂಪರ್ಕ, ಸಾರಿಗೆ, ಆಸ್ಪತ್ರೆಗಳು, ದಾಖಲೆಗಳು ಹೀಗೆ ಪಟ್ಟಿ ಸಾಗುತ್ತದೆ. ಮಕ್ಕಳ ತುರ್ತು ಚಿಕಿತ್ಸೆ ಎಂಬ ಅಂಗ ಆ ಹದಿನೈದರಲ್ಲಿ ಇರಲಿಲ್ಲ.

ಯಾರೂ ಮಕ್ಕಳ ಮೇಲಿನ ದ್ವೇಷದಿಂದ ಹೀಗೆ ಮಾಡಿದ್ದಲ್ಲ. ವ್ಯವಸ್ಥೆ ಯಾವ ಅನುಭವದಿಂದ ಹುಟ್ಟಿತೆಂಬುದನ್ನು ನೋಡಿ. ಯುದ್ಧಭೂಮಿಯ ಸೈನಿಕ ಇಪ್ಪತ್ತು ದಾಟಿದ ಯುವಕ. ಹೃದಯಾಘಾತದ ರೋಗಿ ಐವತ್ತು ದಾಟಿದವನು. ಈ ಇಬ್ಬರ ಮೈಯಳತೆಗೆ ಹೊಲಿದ ಅಂಗಿ ಅದು. ಮಗುವಿಗೆ ತೊಡಿಸಿದಾಗ ತೋಳು ನೆಲಕ್ಕೆ ತಾಗಿತು. ಆಂಬುಲೆನ್ಸಿಗೆ ಬರುವ ರೋಗಿಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ. ಅದರಲ್ಲೂ ಪ್ರಾಣಾಪಾಯದ ಸ್ಥಿತಿಯಲ್ಲಿ ಬರುವವರು ಇನ್ನೂ ಕಡಿಮೆ. ಅಪರೂಪಕ್ಕೆ ಬರುವವರಿಗೆಂದು ಕಪಾಟಿನಲ್ಲಿ ಜಾಗ ಮಾಡುವವರು ಯಾರು?

ಲಾಸ್ ಏಂಜಲೀಸ್‌ನ ಮಕ್ಕಳ ವೈದ್ಯ ಜೇಮ್ಸ್ ಸೈಡಲ್ ಮತ್ತು ಅವರ ಜೊತೆಗಾರರು ಈ ಪ್ರಶ್ನೆಯನ್ನು ಅಂಕಿ ಅಂಶಗಳೊಂದಿಗೆ ಕೇಳಿದರು. 1984ರಲ್ಲಿ ಪ್ರಕಟವಾದ ಅವರ ಅಧ್ಯಯನ, ಇರುವ ತುರ್ತು ಸೇವೆ ಮಕ್ಕಳ ಅಗತ್ಯವನ್ನು ಪೂರೈಸುತ್ತಿದೆಯೇ ಎಂದೇ ಪ್ರಶ್ನಿಸಿತು. ಆಂಬುಲೆನ್ಸ್ ಸಿಬ್ಬಂದಿಯ ತರಬೇತಿಯಲ್ಲಿ ಮಕ್ಕಳಿಗೆ ಮೀಸಲಾದ ಪಾಲು ಅತ್ಯಲ್ಪ, ಮಕ್ಕಳ ಅಳತೆಯ ಸಾಧನಗಳ ಕೊರತೆ ಇದೆ ಎಂಬುದು ಅಂಥ ಅಧ್ಯಯನಗಳಿಂದ ಬಯಲಾಯಿತು. ಆ ಜಿಲ್ಲೆ ಒಂದು ಉಪಾಯವನ್ನೂ ಕಂಡುಕೊಂಡಿತು. ಮಕ್ಕಳನ್ನು ನೋಡಿಕೊಳ್ಳಲು ಬೇಕಾದ ಸಿಬ್ಬಂದಿ, ಸಾಧನ ಇರುವ ತುರ್ತು ವಿಭಾಗಗಳನ್ನು ಪರಿಶೀಲಿಸಿ ಗುರುತಿಸುವುದು, ಆಂಬುಲೆನ್ಸು ಮಗುವನ್ನು ಅಲ್ಲಿಗೇ ಒಯ್ಯುವುದು. ಸಮೀಪದ ಆಸ್ಪತ್ರೆಯೇ ಯಾವಾಗಲೂ ಸರಿಯಾದ ಆಸ್ಪತ್ರೆಯಲ್ಲ ಎಂಬ ಅರಿವು ಇಲ್ಲಿ ಮೂಡಿತು.

ದ್ವೀಪದ ವೈದ್ಯ ಮತ್ತು ಸೆನೆಟರ್

ಇದನ್ನು ರಾಷ್ಟ್ರದ ಪ್ರಶ್ನೆಯನ್ನಾಗಿ ಮಾಡಿದವರಲ್ಲಿ ಮುಖ್ಯರು ಹವಾಯಿ ರಾಜ್ಯದ ಮಕ್ಕಳ ವೈದ್ಯ ಕ್ಯಾಲ್ವಿನ್ ಸಿಯಾ. 1927ರಲ್ಲಿ ಚೀನಾದಲ್ಲಿ ಹುಟ್ಟಿ ಹವಾಯಿಯಲ್ಲಿ ನೆಲೆಸಿದವರು. ಸಮುದ್ರದ ನಡುವೆ ಚದುರಿದ ದ್ವೀಪಗಳ ಆ ರಾಜ್ಯದಲ್ಲಿ, ಕಾಯಿಲೆಯ ಮಗುವನ್ನು ಒಂದು ದ್ವೀಪದಿಂದ ಇನ್ನೊಂದಕ್ಕೆ ಸಾಗಿಸುವುದೇ ದೊಡ್ಡ ಸಮಸ್ಯೆ. 1979ರಲ್ಲಿ ಹವಾಯಿ ವೈದ್ಯಕೀಯ ಸಂಘದ ಅಧ್ಯಕ್ಷರಾಗಿದ್ದ ಸಿಯಾ, ಮಕ್ಕಳ ಸಾವು ಮತ್ತು ಅಂಗವೈಕಲ್ಯವನ್ನು ತಗ್ಗಿಸುವ ತುರ್ತು ವ್ಯವಸ್ಥೆಗೆ ಮುಂದಾಗುವಂತೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸದಸ್ಯರನ್ನು ಒತ್ತಾಯಿಸಿದರು.

ಅವರ ಮಾತಿಗೆ ಕಿವಿಗೊಟ್ಟವರು ಹವಾಯಿಯ ಸೆನೆಟರ್ ಡೇನಿಯಲ್ ಇನೌಯೆ. ಇವರ ಬದುಕೂ ಒಂದು ಪಾಠದಂತಿದೆ. ಶಸ್ತ್ರವೈದ್ಯನಾಗಬೇಕೆಂದು ಕನಸು ಕಂಡಿದ್ದ ಈ ಯುವಕ ಎರಡನೆಯ ಮಹಾಯುದ್ಧದಲ್ಲಿ, 1945ರಲ್ಲಿ, ಇಟಲಿಯ ರಣರಂಗದಲ್ಲಿ ಬಲಗೈಯನ್ನು ಕಳೆದುಕೊಂಡರು. ಶಸ್ತ್ರವೈದ್ಯನ ಕನಸು ಅಲ್ಲಿಗೇ ಮುಗಿಯಿತು. ಕಾನೂನು ಓದಿ, ರಾಜಕೀಯಕ್ಕೆ ಬಂದು, ದಶಕಗಳ ಕಾಲ ಸೆನೆಟಿನಲ್ಲಿ ಹವಾಯಿಯನ್ನು ಪ್ರತಿನಿಧಿಸಿದರು.

ಅವರ ಕಚೇರಿಯ ಹಿರಿಯ ಸಹಾಯಕರೊಬ್ಬರ ಹಸುಗೂಸಿಗೆ ಒಮ್ಮೆ ಗಂಭೀರ ಕಾಯಿಲೆಯಾಯಿತು. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ದಾಗ, ಸಂಕಟದಲ್ಲಿರುವ ಮಗುವನ್ನು ನೋಡಿಕೊಳ್ಳಲು ಸಾಮಾನ್ಯ ತುರ್ತು ವಿಭಾಗಗಳು ಎಷ್ಟು ಅಸಮರ್ಥವಾಗಿವೆ ಎಂಬುದು ಕಣ್ಣಿಗೆ ರಾಚುವಂತೆ ಕಂಡಿತು. ವರದಿಗಳಲ್ಲಿ ಓದಿದ್ದು ಮನೆಯ ಸಂಗತಿಯಾಯಿತು. ಇನೌಯೆ ಡೆಮಾಕ್ರಟಿಕ್ ಪಕ್ಷದವರು. ರಿಪಬ್ಲಿಕನ್ ಪಕ್ಷದ ಆರಿನ್ ಹ್ಯಾಚ್ ಮತ್ತು ಲೊವೆಲ್ ವೈಕರ್ ಅವರ ಜೊತೆಗೂಡಿದರು. 1984ರಲ್ಲಿ ಮಕ್ಕಳಿಗೆ ತುರ್ತು ವೈದ್ಯಕೀಯ ಸೇವೆ ಎಂಬ ಕಾರ್ಯಕ್ರಮಕ್ಕೆ ಸಂಸತ್ತು ಒಪ್ಪಿಗೆ ಕೊಟ್ಟಿತು, ಅಧ್ಯಕ್ಷ ರೇಗನ್ ಸಹಿ ಹಾಕಿದರು.

ನಾಲ್ಕು ರಾಜ್ಯಗಳಿಂದ ಐವತ್ತಕ್ಕೆ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವಾಷಿಂಗ್ಟನ್ನಿನಲ್ಲಿ ಕಾಯಿದೆಯಾದರೆ ಮುಗಿಯಿತೇ? ಇಲ್ಲ. ಅಮೆರಿಕದಲ್ಲಿ ಆಂಬುಲೆನ್ಸಿಗೆ ಪರವಾನಗಿ ಕೊಡುವುದು, ಸಿಬ್ಬಂದಿಯ ಅರ್ಹತೆಯನ್ನು ನಿರ್ಧರಿಸುವುದು ರಾಜ್ಯಗಳು. ಸಾಲದ್ದಕ್ಕೆ 1981ರಲ್ಲಿ, ತುರ್ತು ಸೇವೆಗೆಂದು ಪ್ರತ್ಯೇಕವಾಗಿ ಬರುತ್ತಿದ್ದ ಕೇಂದ್ರದ ಹಣವನ್ನು ಇತರ ಆರೋಗ್ಯ ಅನುದಾನಗಳ ಜೊತೆ ಒಂದೇ ಗಂಟು ಮಾಡಿ ರಾಜ್ಯಗಳ ಕೈಗಿಡಲಾಗಿತ್ತು. ಆದ್ದರಿಂದ ಮಕ್ಕಳಿಗಾಗಿ ಏನಾದರೂ ಆಗಬೇಕಾದರೆ ಅದು ರಾಜ್ಯದಿಂದ ರಾಜ್ಯಕ್ಕೆ ಆಗಬೇಕಿತ್ತು.

ಹೊಸ ಕಾರ್ಯಕ್ರಮ ಈ ದಾರಿಯನ್ನೇ ಹಿಡಿಯಿತು. 1986ರಲ್ಲಿ ಅಲಬಾಮಾ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಆರೆಗಾನ್ ಈ ನಾಲ್ಕು ರಾಜ್ಯಗಳಿಗೆ ಮೊದಲ ಅನುದಾನ ಹೋಯಿತು. ಹೊಸ ಆಸ್ಪತ್ರೆಗಳನ್ನು ಕಟ್ಟುವುದು ಉದ್ದೇಶವಲ್ಲ, ಇರುವ ವ್ಯವಸ್ಥೆಯೊಳಗೆ ಮಕ್ಕಳಿಗೆ ಜಾಗ ಮಾಡುವುದು ಉದ್ದೇಶ. ಒಂದು ರಾಜ್ಯ ತಯಾರಿಸಿದ ತರಬೇತಿ ಪಾಠವನ್ನು, ಸಾಧನಗಳ ಪಟ್ಟಿಯನ್ನು ಇನ್ನೊಂದು ರಾಜ್ಯ ತೆಗೆದುಕೊಂಡು ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದಿತ್ತು. ಕ್ರಮೇಣ ಎಲ್ಲ ರಾಜ್ಯಗಳಿಗೂ ಕಾರ್ಯಕ್ರಮ ಹಬ್ಬಿತು. ಆಂಬುಲೆನ್ಸುಗಳಲ್ಲಿ ಮಕ್ಕಳ ಸಾಧನಗಳಿವೆಯೇ, ಸಣ್ಣ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಮಗುವನ್ನು ಕಳಿಸಲು ಮೊದಲೇ ಲಿಖಿತ ಒಪ್ಪಂದವಿದೆಯೇ ಎಂದು ರಾಜ್ಯಗಳು ಲೆಕ್ಕ ಒಪ್ಪಿಸಬೇಕಾಯಿತು.

ಅದೇ ವರ್ಷಗಳಲ್ಲಿ ವೈದ್ಯರೂ ಸುಮ್ಮನೆ ಕೂತಿರಲಿಲ್ಲ. ಉತ್ತರ ಕ್ಯಾರೊಲಿನಾದ ಕುಟುಂಬ ವೈದ್ಯ ಜೇಮ್ಸ್ ಬ್ರೋಸ್ಲೊ, ತುರ್ತು ವಿಭಾಗದಲ್ಲಿ ಮಕ್ಕಳ ತೂಕ ಊಹಿಸಿ ಔಷಧಿಯ ಲೆಕ್ಕ ಹಾಕುವ ಕಷ್ಟವನ್ನು ಬಲ್ಲವರು. ಮಗುವಿನ ಉದ್ದ ಗೊತ್ತಾದರೆ ತೂಕವನ್ನು ಸುಮಾರಾಗಿ ಹೇಳಬಹುದು ಎಂಬ ಸರಳ ಸಂಬಂಧವನ್ನು ಅವರು ಹಿಡಿದರು. ಫ್ಲಾರಿಡಾದ ಮಕ್ಕಳ ತುರ್ತು ವೈದ್ಯ ರಾಬರ್ಟ್ ಲೂಟನ್ ಅವರೊಡನೆ ಸೇರಿ 1980ರ ದಶಕದ ನಡುವೆ ಬಣ್ಣದ ಪಟ್ಟಿಯೊಂದನ್ನು ರೂಪಿಸಿದರು. ಮಲಗಿದ ಮಗುವಿನ ನೆತ್ತಿಯಿಂದ ಹಿಮ್ಮಡಿಯವರೆಗೆ ಪಟ್ಟಿಯನ್ನು ಹಿಡಿಯಿರಿ. ಹಿಮ್ಮಡಿ ಯಾವ ಬಣ್ಣದ ಮನೆಗೆ ಬಂತೋ ಆ ಮನೆಯಲ್ಲಿ ತೂಕ, ಔಷಧಿಯ ಪ್ರಮಾಣ, ನಳಿಗೆಯ ಅಳತೆ ಎಲ್ಲವೂ ಬರೆದಿರುತ್ತದೆ. ನಮ್ಮ ಸ್ಟುಡಿಯೋದ ಮೇಜಿನ ಮೇಲೆ ಹಾಸಿದ್ದು ಇದೇ ಪಟ್ಟಿ. 1988ರಲ್ಲಿ ಮಕ್ಕಳ ಪ್ರಾಣರಕ್ಷಣೆಯ ವಿಶೇಷ ತರಬೇತಿ ಶುರುವಾಯಿತು. 1992ರಲ್ಲಿ ಮಕ್ಕಳ ತುರ್ತು ವೈದ್ಯಕೀಯಕ್ಕೆ ತಜ್ಞರ ಪರೀಕ್ಷೆಯೇ ಏರ್ಪಟ್ಟಿತು.

ಶೇಕಡ ಆರು

ಇಲ್ಲಿಗೇ ನಿಲ್ಲಿಸಿದರೆ ಇದೊಂದು ಸುಖಾಂತ ಕತೆ. ಆದರೆ ಇತಿಹಾಸ ಅಷ್ಟು ಬೇಗ ಮಂಗಳ ಹಾಡುವುದಿಲ್ಲ.

2006ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥಾನವು ಮಕ್ಕಳ ತುರ್ತು ಚಿಕಿತ್ಸೆಯ ಬಗ್ಗೆ ಒಂದು ದೊಡ್ಡ ವರದಿಯನ್ನು ಪ್ರಕಟಿಸಿತು. ತುರ್ತು ವಿಭಾಗಗಳಿಗೆ ಬರುವವರಲ್ಲಿ ಶೇ. 27ರಷ್ಟು ಮಕ್ಕಳು. ಆದರೆ ಮಕ್ಕಳಿಗೆ ಅಗತ್ಯವೆಂದು ನಿಗದಿಯಾಗಿದ್ದ ಎಲ್ಲ ಸಾಮಗ್ರಿಗಳೂ ಇದ್ದ ತುರ್ತು ವಿಭಾಗಗಳು ಶೇ. 6 ಮಾತ್ರ! ಕಾಯಿದೆಯಾಗಿ ಇಪ್ಪತ್ತು ವರ್ಷಗಳ ಮೇಲೆ ಕಳೆದಿತ್ತು. ಹಣಕ್ಕೆ ಬಡತನವಿಲ್ಲದ ದೇಶ ಅದು. ಇಲ್ಲದಿದ್ದವು ದುಬಾರಿ ಯಂತ್ರಗಳೇ ಎಂದು ನೀವು ಕೇಳಬಹುದು. ಅಲ್ಲ, ಆ ಪಟ್ಟಿಯ ಬಹಳಷ್ಟು ವಸ್ತುಗಳು ಮುಖವಾಡ, ನಳಿಗೆಗಳಂಥ ಸಣ್ಣ ಸಾಮಾನುಗಳು.

ಹಾಗಾದರೆ ಕೊರತೆ ಎಲ್ಲಿತ್ತು? ಅಮೆರಿಕದಲ್ಲಿ ಕಾಯಿಲೆ ಬಿದ್ದ ಮಕ್ಕಳಲ್ಲಿ ಬಹುಪಾಲು ಮಂದಿ ಹೋಗುವುದು ದೊಡ್ಡ ಮಕ್ಕಳ ಆಸ್ಪತ್ರೆಗಲ್ಲ, ಊರಿನ ಸಾಮಾನ್ಯ ಆಸ್ಪತ್ರೆಗೆ. ಅಂಥ ಕಡೆ ದಿನಕ್ಕೆ ಬರುವ ಮಕ್ಕಳು ಹತ್ತೋ ಹನ್ನೆರಡೋ, ಅವರಲ್ಲಿ ಪ್ರಾಣಾಪಾಯದಲ್ಲಿರುವವರು ತಿಂಗಳಿಗೊಬ್ಬರೂ ಸಿಗಲಿಕ್ಕಿಲ್ಲ. ಎಲ್ಲರ ಕೆಲಸವೂ ಆದದ್ದು ಕೊನೆಗೆ ಯಾರ ಕೆಲಸವೂ ಆಗಲಿಲ್ಲ. ಹಲವರು ಸೇರಿ ಎತ್ತಬೇಕಾದ ಹೊರೆ ನಡುದಾರಿಯಲ್ಲೇ ಉಳಿಯುತ್ತದೆ ಎಂಬುದು ನಮಗೆ ಗೊತ್ತಿರುವ ಸಂಗತಿಯೇ.

ಮುಂದಿನ ಹೆಜ್ಜೆ ಇಲ್ಲಿಂದಲೇ ಬಂತು. ಮಕ್ಕಳ ವೈದ್ಯರು, ತುರ್ತು ವೈದ್ಯರು, ತುರ್ತು ವಿಭಾಗದ ನರ್ಸುಗಳು ಈ ಮೂವರ ಸಂಘಟನೆಗಳು 2009ರಲ್ಲಿ ಒಟ್ಟಾಗಿ ಒಂದು ಮಾರ್ಗಸೂಚಿಯನ್ನು ಹೊರಡಿಸಿದವು. ಪ್ರತಿ ತುರ್ತು ವಿಭಾಗದಲ್ಲೂ ಮಕ್ಕಳ ಹೊಣೆ ಹೊತ್ತ ಒಬ್ಬ ವೈದ್ಯರು, ಒಬ್ಬ ನರ್ಸು ಇರಬೇಕು. ಅವರ ಹೆಸರು ಎಲ್ಲರಿಗೂ ಗೊತ್ತಿರಬೇಕು. ಕಪಾಟಿನಲ್ಲಿ ಏನಿದೆ ಏನಿಲ್ಲ ಎಂದು ನೋಡುವುದು ಅವರ ಕೆಲಸ. ಮಗುವಿನ ತೂಕವನ್ನು ಕಿಲೋಗ್ರಾಮಿನಲ್ಲೇ ಬರೆಯಬೇಕೆಂಬ ನಿಯಮವೂ ಅದರಲ್ಲಿತ್ತು. ಇದನ್ನು ಕೇಳಿ ನಿಮಗೆ ನಗು ಬರಬಹುದು. ಆದರೆ ಅಮೆರಿಕದಲ್ಲಿ ಜನ ತೂಕವನ್ನು ಪೌಂಡಿನಲ್ಲಿ ಹೇಳುತ್ತಾರೆ, ಔಷಧಿಯ ಲೆಕ್ಕವಿರುವುದು ಕಿಲೋದಲ್ಲಿ. ಒಂದು ಕಿಲೋಗೆ 2.2 ಪೌಂಡು. 22 ಪೌಂಡಿನ ಮಗುವನ್ನು 22 ಕಿಲೋ ಎಂದು ಓದಿಕೊಂಡರೆ ಮಗುವಿಗೆ ಬೀಳುವ ಔಷಧಿ ಎರಡು ಪಟ್ಟಿಗೂ ಹೆಚ್ಚು.

ಎಣಿಸಿದವರಿಗೆ ಸಿಕ್ಕ ಉತ್ತರ

2013ರಲ್ಲಿ ದೇಶದ 4,100ಕ್ಕೂ ಹೆಚ್ಚು ಆಸ್ಪತ್ರೆಗಳ ತುರ್ತು ವಿಭಾಗಗಳು ಮಕ್ಕಳಿಗೆ ಎಷ್ಟು ಸಜ್ಜಾಗಿವೆ ಎಂದು 100 ಅಂಕಗಳಿಗೆ ಅಳೆಯಲಾಯಿತು. ಮಧ್ಯಾಂಕ 69 ಬಂತು. ಹತ್ತು ವರ್ಷ ಹಿಂದೆ, 2003ರಲ್ಲಿ, ಅದು 55 ಆಗಿತ್ತು. ಹೊಣೆ ಹೊತ್ತ ವೈದ್ಯರು ಮತ್ತು ನರ್ಸು ಇದ್ದ ಕಡೆ ಅಂಕ ಎದ್ದು ಕಾಣುವಷ್ಟು ಹೆಚ್ಚಿತ್ತು. ಆದರೆ 2021ರಲ್ಲಿ ಮತ್ತೆ ಅಳೆದಾಗ ಮಧ್ಯಾಂಕ 70ರ ಆಸುಪಾಸಿನಲ್ಲೇ ನಿಂತಿತ್ತು. ಎಂಟು ವರ್ಷದಲ್ಲಿ ಒಂದು ಅಂಕದ ಏರಿಕೆ. ಹತ್ತಿದ ಮೆಟ್ಟಿಲಲ್ಲಿ ಜಾರದೆ ನಿಲ್ಲಲೂ ಶ್ರಮ ಬೇಕು.

ಈ ಅಂಕಗಳು ಕಾಗದದ ಮೇಲಿನ ಆಟವೇ? ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಇದು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ 11 ರಾಜ್ಯಗಳ 983 ತುರ್ತು ವಿಭಾಗಗಳಿಂದ ದಾಖಲಾದ ಸುಮಾರು 8 ಲಕ್ಷ ಮಕ್ಕಳ ಮಾಹಿತಿಯನ್ನು ಪರಿಶೀಲಿಸಿತು. ಸಿದ್ಧತೆ ಅತ್ಯಂತ ಕಡಿಮೆ ಇದ್ದ ವಿಭಾಗಗಳಿಗೆ ಹೋಲಿಸಿದರೆ, ಅತ್ಯಂತ ಹೆಚ್ಚು ಇದ್ದ ಕಡೆ ಗಾಯಗೊಂಡ ಮಕ್ಕಳ ಸಾವಿನ ಸಂಭವ ಶೇ. 60ರಷ್ಟು ಕಡಿಮೆ, ಕಾಯಿಲೆಯ ಮಕ್ಕಳಲ್ಲಿ ಶೇ. 76ರಷ್ಟು ಕಡಿಮೆ ಎಂದು ಕಂಡುಬಂತು. ಎಲ್ಲ ಕಡೆಯೂ ಒಳ್ಳೆಯ ಸಿದ್ಧತೆ ಇದ್ದಿದ್ದರೆ ಆ ಆರು ವರ್ಷಗಳಲ್ಲಿ 1,400ಕ್ಕೂ ಹೆಚ್ಚು ಮಕ್ಕಳು ಬದುಕಿರುತ್ತಿದ್ದರು ಎಂಬುದು ಅಧ್ಯಯನಕಾರರ ಅಂದಾಜು. ಅಷ್ಟು ಮಕ್ಕಳ ಅಳಿವು ಉಳಿವು ನಿಂತದ್ದು ಹೊಸ ಔಷಧಿಯ ಶೋಧದ ಮೇಲಲ್ಲ, ಸಿದ್ಧತೆಯ ಮೇಲೆ.

ರಾಜ್ಯಗಳು ಕೂಡಿ ಎಣಿಸಿದ್ದರಿಂದ ಇನ್ನೊಂದು ಲಾಭವೂ ಆಯಿತು. ತಲೆಗೆ ಪೆಟ್ಟು ಬಿದ್ದ ಮಗುವಿಗೆಲ್ಲ ಸಿ.ಟಿ. ಸ್ಕ್ಯಾನ್ ಮಾಡಬೇಕೇ? ಮಾಡಿದರೆ ಎಳೆಯ ಮಿದುಳಿಗೆ ವಿಕಿರಣ ತಾಗುತ್ತದೆ, ಮಾಡದಿದ್ದರೆ ಒಳಗಿನ ರಕ್ತಸ್ರಾವ ತಿಳಿಯದೆ ಹೋಗಬಹುದು. ಒಂದೇ ಆಸ್ಪತ್ರೆಗೆ ಬರುವ ಮಕ್ಕಳಿಂದ ಇದಕ್ಕೆ ಉತ್ತರ ಸಿಗದು, ಏಕೆಂದರೆ ಗಂಭೀರ ಪೆಟ್ಟು ಅಪರೂಪ. 2001ರಲ್ಲಿ ಇದೇ ಕಾರ್ಯಕ್ರಮದ ಆಸರೆಯಲ್ಲಿ ಮಕ್ಕಳ ತುರ್ತು ಚಿಕಿತ್ಸೆಯ ಸಂಶೋಧನಾ ಜಾಲವೊಂದು ಹುಟ್ಟಿತು. ಅದು 25 ತುರ್ತು ವಿಭಾಗಗಳಲ್ಲಿ 42,412 ಮಕ್ಕಳನ್ನು ಗಮನಿಸಿ, ಯಾವ ಮಗುವಿಗೆ ಸ್ಕ್ಯಾನ್ ಬೇಡ ಎಂದು ಧೈರ್ಯವಾಗಿ ಹೇಳಬಲ್ಲ ನಿಯಮಗಳನ್ನು 2009ರಲ್ಲಿ ಪ್ರಕಟಿಸಿತು. ಇಂದು ಅನೇಕ ದೇಶಗಳ ವೈದ್ಯರು ಆ ನಿಯಮಗಳನ್ನು ಬಳಸುತ್ತಾರೆ.

ನಮ್ಮ ಮಕ್ಕಳ ಅಳತೆ

ಈ ಕತೆಯ ಒಂದು ಎಳೆ ನಮ್ಮ ಬಾಗಿಲವರೆಗೂ ಬಂದಿದೆ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಆಸ್ಪತ್ರೆ ಮತ್ತು ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿವೆ. ಹಾಗಾಗಿ ನಮ್ಮಲ್ಲೂ ತುರ್ತು ಸೇವೆ ರಾಜ್ಯದಿಂದ ರಾಜ್ಯಕ್ಕೆ ಬೆಳೆಯಿತು. 108 ಸಂಖ್ಯೆಯ ಆಂಬುಲೆನ್ಸ್ ಸೇವೆ 2005ರ ಆಗಸ್ಟ್ 15ರಂದು ಆಂಧ್ರಪ್ರದೇಶದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಶುರುವಾಯಿತು. ಈ ಸೇವೆಯನ್ನು ಕಟ್ಟಿದ ಸಂಸ್ಥೆಯ ಸಿಬ್ಬಂದಿಯ ತರಬೇತಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತುರ್ತು ವೈದ್ಯರು ನೆರವಾದರು.

ಬಣ್ಣದ ಪಟ್ಟಿಯೂ ಬಂತು. ಆದರೆ ಅದು ಅಮೆರಿಕದ ಮಕ್ಕಳ ಮೈಕಟ್ಟಿನ ಲೆಕ್ಕದಲ್ಲಿ ತಯಾರಾದದ್ದು. ಅದೇ ಉದ್ದದ ನಮ್ಮ ಮಗು ಅಷ್ಟೇ ತೂಕವಿರುತ್ತದೆಯೇ? ಭಾರತದ ಮಕ್ಕಳನ್ನು ಅಳೆದು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿತು. 10 ಕಿಲೋ ಒಳಗಿನ ಕೂಸುಗಳಲ್ಲಿ ಪಟ್ಟಿ ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತಿತ್ತು. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಅದು ಇರುವ ತೂಕಕ್ಕಿಂತ ಶೇ. 10ಕ್ಕೂ ಹೆಚ್ಚಾಗಿ ತೋರಿಸುತ್ತಿತ್ತು. ದೊಡ್ಡವರ ಅಳತೆಯನ್ನು ಮಕ್ಕಳ ಮೇಲೆ ಹೇರಬಾರದೆಂದು ಹುಟ್ಟಿದ ಪಟ್ಟಿಯೇ, ಒಂದು ದೇಶದ ಮಕ್ಕಳ ಅಳತೆಯನ್ನು ಇನ್ನೊಂದು ದೇಶದ ಮಕ್ಕಳ ಮೇಲೆ ಹೇರಿದಂತಾಯಿತು. ಪಟ್ಟಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ಬೇರೆಯವರಿಂದ ಉಪಾಯವನ್ನು ಕಡ ತರಬಹುದು, ಅಳತೆಯನ್ನು ಮಾತ್ರ ನಮ್ಮ ಮಕ್ಕಳಿಂದಲೇ ತೆಗೆಯಬೇಕು. ಆ ಅಳೆಯುವ ಕೆಲಸಕ್ಕೆ ವೈದ್ಯರಷ್ಟೇ ಅಲ್ಲ, ಗಣಿತ, ಸಂಖ್ಯಾಶಾಸ್ತ್ರ ಓದಿದ ನಿಮ್ಮಂಥವರೂ ಬೇಕು.

ಚಿತ್ರೀಕರಣ ಮುಗಿದ ಮೇಲೆ ವೈದ್ಯೆ ಪಟ್ಟಿಯನ್ನು ಸುತ್ತುತ್ತಾ, ಪಕ್ಕದಲ್ಲಿದ್ದ ನಮ್ಮ ಲೈಟ್ ಹುಡುಗನನ್ನು, "ನಿಮಗೆ ಮಕ್ಕಳಿದ್ದಾರಾ?" ಎಂದು ಕೇಳಿದರು. "ಒಬ್ಬಳು ಮಗಳು ಮೇಡಂ, ಎರಡನೇ ಕ್ಲಾಸು" ಎಂದ ಅವನು. "ತೂಕ ಎಷ್ಟು?" ಅವನು ತಲೆ ಕೆರೆದುಕೊಂಡ. ಅವನಷ್ಟೇ ಅಲ್ಲ, ಸುತ್ತ ನಿಂತಿದ್ದ ನಾವು ನಾಲ್ಕೈದು ಮಂದಿ ತಂದೆ ತಾಯಂದಿರಲ್ಲಿ ಒಬ್ಬರಿಗೂ ನಮ್ಮ ಮಕ್ಕಳ ತೂಕ ಸರಿಯಾಗಿ ಗೊತ್ತಿರಲಿಲ್ಲ. ಅವರು ಮೂರನೆಯ ಕ್ಲಾಸಿನಲ್ಲಿ ಎಷ್ಟು ಅಂಕ ತೆಗೆದರೆಂಬುದು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು. "ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ರಾತ್ರಿ ಹೊತ್ತು ಆಸ್ಪತ್ರೆಗೆ ಓಡಿ ಬಂದಾಗ ನಾವು ಮೊದಲು ಕೇಳುವುದು ಅದನ್ನೇ" ಎಂದು ಹೇಳಿ ಅವರು ಹೊರಟರು.

ಅಂದು ಮನೆಗೆ ಹೋದ ಮೇಲೆ ನಾನು ಬರೆದಿಟ್ಟೆ. ನಿಮ್ಮ ಮನೆಯಲ್ಲಿರುವ ತಮ್ಮ ಅಥವಾ ತಂಗಿಯ ತೂಕ ನಿಮಗೆ ಗೊತ್ತಿದೆಯೇ?